ಟಂಗ್‌ಸ್ಟನ್ ಮೊನೆ ಮಾಡಲಿಕ್ಕೆ ಎಂತದು ಒಳ್ಳೆಯದು? ನನ್ನ ಓಟು ಹಳೆಯ ಬೆಂಚ್ ಗ್ರೈಂಡರಿಗೆ

ಆರ್ಗಾನ್ ವೆಲ್ಡಿಂಗಿನ ಟಾರ್ಚಿನ ತುದಿಯಲ್ಲಿ ಒಂದು ಟಂಗ್‌ಸ್ಟನ್ ಕಡ್ಡಿ ಇರ್ತದೆ, ಲೋಹ ಕರಗಿಸುವ ಆರ್ಕ್ (ಕರೆಂಟಿನ ಕಿಡಿ) ಅದರ ಮೊನೆಯಿಂದಲೇ ಹೊರಡುವುದು. ಆ ಮೊನೆ ಮಾಡುವ ವಿಷಯ ಇದು. ಮೊದಲೇ ಹೇಳಿಬಿಡ್ತೇನೆ. ನನಗೆ ಹಿಡಿಸಿದ್ದು ಹಳೆಯ ಆರಿಂಚಿನ ಬೆಂಚ್ ಗ್ರೈಂಡರಿಗೆ ಡೈಮಂಡ್ ವೀಲ್ ಹಾಕಿ, ಟಂಗ್‌ಸ್ಟನ್ ಕಡ್ಡಿಯನ್ನು ಕಾರ್ಡ್‌ಲೆಸ್ ಡ್ರಿಲ್ಲಿಗೆ ಕಚ್ಚಿಸಿ ಮೊನೆ ತೆಗೆಯುವುದು. ಅದಕ್ಕಿಂತ ಮೊದಲು, ಇದೇ ಕೆಲಸಕ್ಕಾಗಿ ಬರುವ ಕೈಗ್ರೈಂಡರ್ ಒಂದನ್ನು ಆನ್‌ಲೈನಿನಲ್ಲಿ 3,200 ರೂಪಾಯಿ ಕೊಟ್ಟು ತರಿಸಿ ಕೈಸುಟ್ಟುಕೊಂಡೆ. ಆ ಸಿಟ್ಟು ಇನ್ನೂ ಇಳಿದಿಲ್ಲ, ಹಾಗಾಗಿ ಬರೆಯಲಿಕ್ಕೆ ಕೂತದ್ದು.

ನನ್ನ ವರ್ಕ್‌ಶಾಪ್ ಕಾಸರಗೋಡು ಜಿಲ್ಲೆಯ ಉಪ್ಪಳದಲ್ಲಿ. ಟಿಗ್ ಅಂದರೆ ಇಲ್ಲಿ ಗಿರಾಕಿಗಳಿಗೆ ತಲೆಗೆ ಹೋಗುವುದಿಲ್ಲ, ಆರ್ಗಾನ್ ವೆಲ್ಡಿಂಗ್ ಅನ್ನಬೇಕು. ಮುಕ್ಕಾಲು ಪಾಲು ಕೆಲಸ ಗಲ್ಫಿನಲ್ಲಿರುವವರ ಹೊಸ ಮನೆಗಳ ಮೆಟ್ಟಿಲು, ಬಾಲ್ಕನಿಗೆ ಸ್ಟೀಲಿನ ಹ್ಯಾಂಡ್‌ರೈಲ್. 304 ಗ್ರೇಡಿನ ಪೈಪು, ದಪ್ಪ 1.2 ಎಂಎಂ, ಕರೆಂಟು 40ರಿಂದ 50 ಆಂಪಿಯರ್. ದೊಡ್ಡ ಕರೆಂಟಿನಲ್ಲಿ ಮುಚ್ಚಿಹೋಗುವ ಮೊನೆಯ ತಪ್ಪೆಲ್ಲ ಇಷ್ಟು ಸಣ್ಣ ಕರೆಂಟಿನಲ್ಲಿ ಎದ್ದು ಕಾಣ್ತದೆ. ಆರ್ಕ್ ಹೇಳಿದ ಕಡೆ ನಿಲ್ಲುವುದೇ ಇಲ್ಲ.

ಸುರುವಿನ ನಾಲ್ಕು ವರ್ಷ ಸಾದಾ ಎಮರಿ ಕಲ್ಲೇ. ಅದೇ ಕಲ್ಲಿನಲ್ಲಿ ಕಬ್ಬಿಣದ ಆಂಗಲ್, ಅದರಲ್ಲೇ ಉಳಿ, ಒಮ್ಮೊಮ್ಮೆ ಅಲ್ಯೂಮಿನಿಯಂ ಪಟ್ಟಿಯ ಮೂಲೆ, ಮತ್ತೆ ಅದರಲ್ಲೇ ಟಂಗ್‌ಸ್ಟನ್. ಒಂದು ಆಟಿ ತಿಂಗಳಲ್ಲಿ ಬಾಲ್ಕನಿಯ ಕೆಲಸ ಹಿಡಿದಿದ್ದೆ. ಆರ್ಕ್ ಹೊಯ್ದಾಡ್ತದೆ, ಜಾಯಿಂಟಿನ ಪಕ್ಕದಲ್ಲಿ ಮಸಿ ಹಿಡೀತದೆ. ಮಳೆಗಾಲ ಅಲ್ವಾ, ಗ್ಯಾಸಿನಲ್ಲೇ ನೀರು ಉಂಟು ಅಂತ ನಾನೇ ತೀರ್ಮಾನ ಮಾಡಿ ಸಿಲಿಂಡರ್ ಬದಲಾಯಿಸಿದೆ. ಹೋಸ್ ಬದಲಾಯಿಸಿದೆ. ಗ್ಯಾಸ್ ಕೊಟ್ಟವರಿಗೆ ಫೋನು ಮಾಡಿ ಬೈದದ್ದೂ ಆಯ್ತು. ಕೊನೆಗೆ ಪ್ಯಾಕೆಟಿನಿಂದ ಹೊಸ ಕಡ್ಡಿ ತೆಗೆದು, ಹೊಸ ಫ್ಲಾಪ್ ಡಿಸ್ಕಿನಲ್ಲಿ (ಉಜ್ಜುಕಾಗದದ ಎಸಳು ಜೋಡಿಸಿದ ಗ್ರೈಂಡರ್ ಡಿಸ್ಕ್) ಮೊನೆ ಮಾಡಿ ಹಾಕಿದರೆ ಆರ್ಕ್ ನೂಲು ಹಿಡಿದ ಹಾಗೆ ನೆಟ್ಟಗೆ ನಿಂತಿತು. ಕಲ್ಲಿನ ಸಂದಿಯಲ್ಲಿ ಕೂತಿದ್ದ ಕಬ್ಬಿಣ, ಅಲ್ಯೂಮಿನಿಯಂ ಎಲ್ಲ ಮೊನೆಗೆ ಮೆತ್ತಿಕೊಂಡು ಬರ್ತಿತ್ತು, ಅಷ್ಟೇ. ಎಮರಿ ಕಲ್ಲು ಕೆಟ್ಟದ್ದಲ್ಲ, ಟಂಗ್‌ಸ್ಟನ್‌ಗೇ ಒಂದು ಕಲ್ಲು ಬೇರೆ ಇಟ್ಟರೆ ನಡೀತದೆ. ನಮ್ಮಲ್ಲಿ ಯಾರು ಇಡ್ತಾರೆ ಹೇಳಿ.

ನಾಲ್ಕಿಂಚಿನ ಗ್ರೈಂಡರಿಗೆ ಫ್ಲಾಪ್ ಡಿಸ್ಕ್ ಹಾಕಿ ಮಾಡುವುದು ಸೈಟಿನ ದಾರಿ. ಖರ್ಚಿಲ್ಲ, ಎಲ್ಲಿಯೂ ಆಗ್ತದೆ. ಗೀರುಗಳು ಮಾತ್ರ ಕಡ್ಡಿಯ ಉದ್ದಕ್ಕೇ ಬೀಳಬೇಕು. ಅಡ್ಡ ಹಿಡಿದು ತಿರುಗಿಸಿದರೆ ಮೊನೆಯ ಸುತ್ತ ಬಳೆ ಬಳೆಯಾಗಿ ಗೆರೆ ಬರ್ತದೆ, ಆರ್ಕ್ ಆ ಗೆರೆ ಹಿಡಿದು ಅಲೆಯಲಿಕ್ಕೆ ಸುರು ಮಾಡ್ತದೆ. ಗ್ರೈಂಡರನ್ನು ವೈಸಿಗೆ ಸಿಕ್ಕಿಸದೆ ತೊಡೆಯ ಮೇಲೆ ಇಟ್ಟು ಮಾಡುವವರನ್ನೂ ನೋಡಿದ್ದೇನೆ. ನನ್ನ ಒಂದು ಕಡ್ಡಿಯನ್ನು ಡಿಸ್ಕ್ ಕಚ್ಚಿ ಎಳೆದು ಜಲ್ಲಿಯ ರಾಶಿಗೆ ಎಸೆದಿತ್ತು. ಅದು ಇನ್ನೂ ಅಲ್ಲೇ ಯಾರದೋ ಸ್ಲ್ಯಾಬಿನೊಳಗೆ ಇರಬೇಕು.

ಈಗ ಆ ಕೈಗ್ರೈಂಡರಿನ ಪುರಾಣ.

ನೋಡಲಿಕ್ಕೆ ಚಂದ ಉಂಟು. ಸಣ್ಣ ಮೋಟರು, ತುದಿಯಲ್ಲಿ ಅಲ್ಯೂಮಿನಿಯಂ ತಲೆ, ಅದರೊಳಗೆ ನಾಣ್ಯದಷ್ಟು ಡೈಮಂಡ್ ಡಿಸ್ಕ್. ತಲೆಯಲ್ಲಿ ಕಡ್ಡಿಯ ದಪ್ಪಕ್ಕೆ ಸರಿಯಾಗಿ 1.6, 2.4, 3.2 ಎಂಎಂ ಅಂತ ತೂತುಗಳು, ಬೇರೆ ಬೇರೆ ಕೋನಕ್ಕೆ ಬೇರೆ ಬೇರೆ ತೂತು. ಕಡ್ಡಿ ತೂರಿಸಿ ಬೆರಳಲ್ಲಿ ತಿರುಗಿಸಿದರೆ ಆಯ್ತು, ಪ್ರತಿ ಸಲವೂ ಅದೇ ಕೋನ. ಹೊಸ ಕಡ್ಡಿಗೆ ಮಾಡಿ ನೋಡಿದಾಗ ನಿಜಕ್ಕೂ ಖುಷಿಯಾಯ್ತು, ಪೆನ್ಸಿಲ್ ಹೆರೆದ ಹಾಗೆ ಬಂತು. ಪಕ್ಕದ ಅಂಗಡಿಯವರನ್ನು ಕರೆದು ತೋರಿಸಿದ್ದೂ ಉಂಟು.

ತೊಂದರೆ ಸುರುವಾದದ್ದು ಎರಡನೇ ವಾರ. ಹ್ಯಾಂಡ್‌ರೈಲಿನಲ್ಲಿ ಒಂದು ಕಂಬಿಯಿಂದ ಇನ್ನೊಂದಕ್ಕೆ ನಾಲ್ಕಿಂಚು ಜಾಗ. ಟಾರ್ಚಿನ ಹಿಂದೆ ಕಡ್ಡಿಯ ಬಾಲ ಮುಚ್ಚುವ ಕ್ಯಾಪ್ ಉದ್ದ ಇದ್ದರೆ ಅದು ಆಚೆಯ ಕಂಬಿಗೆ ತಾಗ್ತದೆ, ಕೈ ತಿರುಗುವುದಿಲ್ಲ. ಹಾಗಾಗಿ ನಾನು ಯಾವಾಗಲೂ ಗಿಡ್ಡ ಕ್ಯಾಪಿನವ. 150 ಎಂಎಂ ಕಡ್ಡಿಯನ್ನು ಎರಡು ತುಂಡು ಮಾಡಿಯೇ ಟಾರ್ಚಿಗೆ ಹಾಕುವುದು. 75 ಎಂಎಂ ತುಂಡು ನಾಲ್ಕೈದು ಸಲ ಮೊನೆ ಕಂಡು, ಮಧ್ಯೆ ಎರಡು ಸಲ ಕರಗಿದ ಸ್ಟೀಲಿಗೆ ಮುಟ್ಟಿ ತುದಿ ಮುರಿಸಿಕೊಂಡರೆ 50ಕ್ಕೆ ಬಂದು ನಿಲ್ತದೆ. ಆ 50ರ ತುಂಡನ್ನು ಈ ಯಂತ್ರದ ತೂತಿಗೆ ತೂರಿಸಿದರೆ ಮೊನೆ ಡಿಸ್ಕಿಗೆ ಮುಟ್ಟುವಾಗ ಹೊರಗೆ ಉಳಿಯುವುದು ಒಂದು ಬೆರಳಿನ ಉಗುರಿನಷ್ಟು. ಅದನ್ನು ಹಿಡಿದು ತಿರುಗಿಸಬೇಕು! ಕಡ್ಡಿ ಬಿಸಿಯಾಗ್ತದೆ, ಬೆರಳು ಜಾರ್ತದೆ, ಜಾರಿದ ಕಡೆ ಮೊನೆಯ ಒಂದು ಬದಿ ಚಪ್ಪಟೆ. ಹಿಡಿದುಕೊಳ್ಳಲಿಕ್ಕೆ ಅಂತ ಒಂದು ಸಣ್ಣ ಹಿಡಿಕೆ ಪೆಟ್ಟಿಗೆಯಲ್ಲೇ ಬಂದಿತ್ತು. ಅದಕ್ಕೆ ಕಚ್ಚಲಿಕ್ಕೆ ಇನ್ನೂ ಒಂದಿಂಚು ಕಡ್ಡಿ ಬೇಕು. ಇದ್ದಿದ್ದರೆ ಹಿಡಿಕೆ ಯಾಕೆ ಬೇಕಿತ್ತು?

ಇಕ್ಕುಳದಲ್ಲಿ ಹಿಡಿದೆ, ಆಗಲಿಲ್ಲ. ಹಳೆಯ ಕಾಲೆಟಿಗೆ (ಟಾರ್ಚಿನೊಳಗೆ ಕಡ್ಡಿ ಹಿಡಿದಿಡುವ ಸಣ್ಣ ಕೊಳವೆ) ಸಿಕ್ಕಿಸಿ ನೋಡಿದೆ, ಕಾಲೆಟ್ ತೂತಿನ ಬಾಯಿಗೆ ಬಂದು ಅಡ್ಡ ನಿಂತಿತು. ಒಂದು ತುಂಡು ಒಳಗೇ ಸಿಕ್ಕಿಬಿದ್ದು, ತಲೆ ಬಿಚ್ಚಿ ತೆಗೆಯಬೇಕಾಯ್ತು. ಸ್ಕ್ರೂ ಬಿಚ್ಚುವ ಅಲೆನ್ ಕೀ ಹುಡುಕಲಿಕ್ಕೆ ಅರ್ಧ ಗಂಟೆ, ಅಷ್ಟು ಹೊತ್ತು ಗಿರಾಕಿಯ ಅಣ್ಣ ಎದುರಿಗೇ ಕುರ್ಚಿ ಹಾಕಿ ಕೂತಿದ್ದ. "ಇದು ಹೊಸ ಮೆಷಿನಾ?" ಅಂತ ಕೇಳಿದ. ಹೌದು ಅಂದೆ. ಮತ್ತೆ ಏನೂ ಕೇಳಲಿಲ್ಲ.

1.6ರ ತೂತು ಕಡ್ಡಿಗಿಂತ ಸ್ವಲ್ಪ ಸಡಿಲ, ಮೊನೆ ನಡುಗ್ತದೆ. ಅದು ಬೇರೆ.

ಹಾಗಂತ ಎಲ್ಲರಿಗೂ ಇದು ದಂಡ ಅನ್ನಲಿಕ್ಕಾಗದು. ಉದ್ದ ಕ್ಯಾಪ್ ಹಾಕಿ ಟೇಬಲ್ ಮೇಲೆ ಟ್ಯಾಂಕು, ಸಿಂಕು ಮಾಡುವವರಿಗೆ ಈ ರಗಳೆ ಬರುವುದು ಕಡ್ಡಿಯ ಕೊನೆಗಾಲದಲ್ಲಿ ಮಾತ್ರ. ಡಿಸ್ಕಿಗೆ ಮುಚ್ಚಳ ಇರುವುದರಿಂದ ದೂಳೂ ಕಮ್ಮಿ.

ಇನ್ನು ನನ್ನದು. ಬೆಂಚ್ ಗ್ರೈಂಡರ್ ಮೊದಲೇ ಇತ್ತು. ಆರಿಂಚಿನ ರೆಸಿನ್ ಬಾಂಡ್ (ಡೈಮಂಡ್ ಪುಡಿಯನ್ನು ರಾಳದಲ್ಲಿ ಕೂರಿಸಿದ) ಡೈಮಂಡ್ ವೀಲ್ ಮಂಗಳೂರು ಬಂದರಿನಲ್ಲಿ 1,900ಕ್ಕೆ ಸಿಕ್ಕಿತು. ತಂದು ನೋಡಿದರೆ ವೀಲಿನ ತೂತು 31.75 ಎಂಎಂ, ನನ್ನ ಗ್ರೈಂಡರಿನ ಶಾಫ್ಟ್ 12.7. ಕುಂಬಳೆಯಲ್ಲಿ ಲೇತಿನವರ ಹತ್ತಿರ 200 ರೂಪಾಯಿಗೆ ಆ ಸಂದು ತುಂಬುವ ಬಳೆ, ಅಂದರೆ ಬುಷ್ ಮಾಡಿಸಿದೆ. ಬುಷ್ ಒಂದು ಕೂದಲಿನಷ್ಟು ಓರೆಯಾದರೂ ವೀಲ್ ಕುಪ್ಪಳಿಸ್ತದೆ, ಹಾಗಾಗಿ ಗ್ರೈಂಡರನ್ನೇ ಹೊತ್ತುಕೊಂಡು ಹೋಗಿ ಅಲ್ಲೇ ಕೂಡಿಸಿ ತಿರುಗಿಸಿ ನೋಡಿ ತಂದದ್ದು.

ಕಡ್ಡಿಯನ್ನು ಡ್ರಿಲ್ಲಿನ ಚಕ್ಕಿಗೆ ಕಚ್ಚಿಸಿ, ಮೊನೆ ಮೇಲಕ್ಕೆ ಮಾಡಿ, ವೀಲ್ ಓಡುವ ದಿಕ್ಕಿಗೇ ಉದ್ದಕ್ಕೆ ಹಿಡಿದು, ಡ್ರಿಲ್ಲನ್ನು ಆದಷ್ಟು ನಿಧಾನ ತಿರುಗಿಸಬೇಕು. ವೀಲಿನ ವೇಗದ ಎದುರು ಡ್ರಿಲ್ಲಿನ ತಿರುಗು ಲೆಕ್ಕಕ್ಕೇ ಇಲ್ಲ, ಗೀರು ಉದ್ದಕ್ಕೇ ಬೀಳ್ತದೆ. 2.4ರ ಕಡ್ಡಿಗೆ ಐದಾರು ಎಂಎಂ ಉದ್ದದ ಮೊನೆ ನನ್ನ ಅಳತೆ. ಕೊನೆಗೆ ಸೂಜಿಯಂಥ ತುದಿಯನ್ನು ವೀಲಿಗೆ ಒಮ್ಮೆ ನೇರ ಮುಟ್ಟಿಸಿ ಚೂರು ಮೊಂಡು ಮಾಡಿಬಿಡ್ತೇನೆ. ಇಲ್ಲದಿದ್ದರೆ ಆ ತುದಿ ಮುರಿದು ಜಾಯಿಂಟಿನೊಳಗೆ ಬೀಳ್ತದೆ. ಚಕ್ ಒಂದು ಸೆಂಟಿಮೀಟರ್ ಸಿಕ್ಕಿದರೂ ಕಚ್ಚಿಕೊಳ್ತದೆ, 35 ಎಂಎಂ ತುಂಡಿಗೂ ಮೊನೆ ಆಗ್ತದೆ. ಗಿಡ್ಡ ಕ್ಯಾಪಿನವನಿಗೆ ಇನ್ನೇನು ಬೇಕು? ಕಡ್ಡಿ ತುಂಡು ಮಾಡುವುದೂ ಇದರಲ್ಲೇ. ವೀಲಿನ ಅಂಚಿನಲ್ಲಿ ಸುತ್ತ ಕಚ್ಚು ಹಾಕಿ ಎರಡು ಇಕ್ಕುಳದಲ್ಲಿ ಮುರಿದರೆ ಚೊಕ್ಕ ಮುರೀತದೆ. ಕಚ್ಚು ಹಾಕದೆ ಮುರಿದರೆ ಉದ್ದಕ್ಕೆ ಸೀಳು ಬಿಡುವುದುಂಟು, ಹೊರಗೆ ಕಾಣುವುದೂ ಇಲ್ಲ.

ಒಂದೇ ಕಟ್ಟುಪಾಡು, ಆ ವೀಲಿಗೆ ಕಬ್ಬಿಣ ಮುಟ್ಟಿಸಬಾರದು. ಬಿಸಿಗೆ ಡೈಮಂಡನ್ನು ಕಬ್ಬಿಣ ತಿಂದುಹಾಕ್ತದೆ. ನಾನು ಸೈಟಿಗೆ ಹೋದ ದಿನ ನಮ್ಮ ಹುಡುಗ ಡ್ರಿಲ್ ಬಿಟ್ ಹಿಡಿದಿದ್ದ. "ಅಣ್ಣಾ, ಇದರಲ್ಲಿ ಬೇಗ ಆಗ್ತದೆ" ಅಂತ ಖುಷಿಯಲ್ಲೇ ಹೇಳಿದ. ವೀಲಿನ ಮುಖ ಕನ್ನಡಿಯ ಹಾಗೆ ನುಣ್ಣಗೆ ಆಗಿತ್ತು. ವೀಲಿನ ಮುಖ ಮತ್ತೆ ಒರಟು ಮಾಡುವ ಡ್ರೆಸ್ಸಿಂಗ್ ಕಡ್ಡಿ ಉಜ್ಜಿ ಉಜ್ಜಿ ಸರಿ ಮಾಡಿದೆ. ಈಗ ಅದಕ್ಕೆ ಹಳೆಯ ಲುಂಗಿಯ ಚೀಲ ಹಾಕಿ ಕಟ್ಟಿಡ್ತೇನೆ.

ದೂಳಿನ ಮಾತು ಒಂದು. ಕೆಂಪು ಬಣ್ಣದ ಕಡ್ಡಿಯಲ್ಲಿ ಶೇಕಡಾ 2ರಷ್ಟು ಥೋರಿಯಂ ಆಕ್ಸೈಡ್ ಉಂಟು, ಅದು ವಿಕಿರಣ ಸೂಸುವಂಥದ್ದು. ಕಡ್ಡಿ ಕೈಯಲ್ಲಿ ಹಿಡಿದರೆ ಹೆದರಬೇಕಾದ್ದಿಲ್ಲ, ಉಜ್ಜಿದ ದೂಳು ಎದೆಯೊಳಗೆ ಹೋಗಬಾರದು. ನನ್ನ ಶೆಡ್ಡಿನ ಹಿಂದೆಯೇ ಮನೆ, ಅಮ್ಮ ಅಲ್ಲೇ ಹಪ್ಪಳ ಒಣಗಿಸುವುದು. ಹಾಗಾಗಿ ಲ್ಯಾಂಥನಂನ ನೀಲಿ ಕಡ್ಡಿಗೆ ಬದಲಾಯಿಸಿದೆ. ಸ್ಟೀಲಿನ ಕೆಲಸಕ್ಕೆ ಅದೇನೂ ಕಮ್ಮಿ ಇಲ್ಲ. ಆದರೂ ಮಾಸ್ಕ್ ಹಾಕಲೇಬೇಕು.

ನೈಟ್ರೈಟ್ ಉಪ್ಪಿನ ಡಬ್ಬಿಗೆ ಕೆಂಪಗೆ ಕಾದ ಕಡ್ಡಿ ಅದ್ದಿ ಮೊನೆ ತೆಗೆಯುವುದನ್ನೂ ಗಲ್ಫಿನಲ್ಲಿದ್ದಾಗ ನೋಡಿದ್ದೇನೆ. ಆ ಹೊಗೆ ನನಗೆ ಬೇಡ.

ಹೊಸದಾಗಿ ಸುರು ಮಾಡುವವರು ಬೆಂಚ್ ಗ್ರೈಂಡರ್ ಇಲ್ಲದೆ, ಡ್ರಿಲ್ಲೂ ಇಲ್ಲದೆ ನನ್ನ ದಾರಿ ಹಿಡಿದರೆ ಆರೇಳು ಸಾವಿರ ಆದೀತು. ಅವರಿಗೆ ಟಂಗ್‌ಸ್ಟನ್‌ಗೇ ಮೀಸಲಿಟ್ಟ ಒಂದು ಫ್ಲಾಪ್ ಡಿಸ್ಕ್ ಸಾಕು. ನಾನೂ ಸೈಟಿಗೆ ಯಂತ್ರ ಒಯ್ಯುವುದಿಲ್ಲ. ರಾತ್ರಿ ಊಟಕ್ಕೆ ಮೊದಲು ಹನ್ನೆರಡು ತುಂಡಿಗೆ ಎರಡೂ ಬದಿ ಮೊನೆ ಮಾಡಿ ಟೂತ್‌ಬ್ರಷ್ ಡಬ್ಬಿಯಲ್ಲಿ ಹಾಕಿಟ್ಟುಕೊಳ್ತೇನೆ, ಮರುದಿನ ಸಂಜೆವರೆಗೆ ಬರ್ತದೆ.

ಕೈಗ್ರೈಂಡರ್ ಪೆಟ್ಟಿಗೆ ಸಮೇತ ಕಪಾಟಿನಲ್ಲಿ ಉಂಟು. ಉದ್ದ ಕ್ಯಾಪಿನವರು ಯಾರಾದರೂ ಬಂದರೆ ಎರಡು ಸಾವಿರಕ್ಕೆ ಕೊಡ್ತೇನೆ. ಡಿಸ್ಕಿನ ಒಂದು ಬದಿ ಇನ್ನೂ ಹೊಸತೇ, ಅಲೆನ್ ಕೀಯೂ ಸಿಕ್ಕಿದೆ.