ಮೂರು ವರ್ಷ ಬಳಸಿದ ಅಲ್ಯೂಮಿನಿಯಂ ರೇಡಿಯೇಟರ್ ಮತ್ತು ಎಲೆಕ್ಟ್ರಿಕ್ ಫ್ಯಾನ್: ಜಿಪ್ಸಿಯ ಬಿಸಿ ಇಳಿದದ್ದು ಹೀಗೆ

ಮೊದಲೇ ಹೇಳಿಬಿಡುತ್ತೇನೆ, ಇಂಜಿನ್ನಿನ ಬಿಸಿ ನೀರನ್ನು ತಣಿಸುವ ರೇಡಿಯೇಟರ್ ಮತ್ತು ಅದಕ್ಕೆ ಗಾಳಿ ಎಳೆಯುವ ಫ್ಯಾನ್ ಸೇರಿ 19,000 ರೂಪಾಯಿ ಕೊಟ್ಟೆ. ಅದರಿಂದ ಬಿಸಿ ಇಳಿದದ್ದು ಸ್ವಲ್ಪ. ಪೂರ್ತಿ ಇಳಿದದ್ದು ಊರಿನ ತಗಡಿನ ಕೆಲಸದವರು ಮಾಡಿಕೊಟ್ಟ 900 ರೂಪಾಯಿಯ ಡಬ್ಬಿಯಿಂದ. ಹಾಗಂತ ಆ 19,000 ದಂಡವಾಯಿತು ಎಂದೂ ಹೇಳಲಾರೆ.

ಗಾಡಿ 2005ರ ಮಾರುತಿ ಜಿಪ್ಸಿ ಕಿಂಗ್ ಜೀಪು, 1.3 ಲೀಟರ್ ಪೆಟ್ರೋಲ್. ಸಕಲೇಶಪುರದ ಹತ್ತಿರ ತೋಟದಲ್ಲಿ ಓಡುತ್ತದೆ, ವಾರಕ್ಕೊಮ್ಮೆ ಹಾಸನ, ತಿಂಗಳಿಗೊಮ್ಮೆ ಬೆಂಗಳೂರು. ಕಂಪನಿಯಿಂದ ಬಂದಾಗ ಇದ್ದ ಹಾಗೆಯೇ ಇಟ್ಟಿದ್ದರೆ ಈ ಬರಹವೇ ಬೇಕಿರಲಿಲ್ಲ. ತಪ್ಪೆಲ್ಲ ನನ್ನದೇ. 31 ಇಂಚಿನ ಟೈರ್ ಹಾಕಿದೆ, ಮುಂದೆ ಕಬ್ಬಿಣದ ಬಂಪರ್, ಅದರ ಮೇಲೆ ಸಿಕ್ಕಿಬಿದ್ದ ಗಾಡಿ ಎಳೆಯುವ ವಿಂಚ್, ಅದೂ ಸಾಲದು ಅಂತ ಗ್ರಿಲ್ ಮುಂದೆ ದೊಡ್ಡ ದೊಡ್ಡ ಎರಡು ಲೈಟು. ನೋಡೋಕೆ ಚೆನ್ನಾಗಿತ್ತು. ಗಾಡಿ ಉಸಿರಾಡುವ ಜಾಗವನ್ನೇ ಮುಚ್ಚಿದ್ದೇನೆ ಅಂತ ಆಗ ಹೊಳೆಯಲಿಲ್ಲ.

ದೊಡ್ಡ ಟೈರ್ ತಿರುಗಿಸೋಕೆ ಇಂಜಿನ್ ಜಾಸ್ತಿ ಒದ್ದಾಡುತ್ತದೆ. ತೋಟದ ಏರಿನಲ್ಲಿ ಫೋರ್ ಲೋ (ನಾಲ್ಕೂ ಚಕ್ರ ಎಳೆಯುವ ನಿಧಾನದ ಗೇರು) ಹಾಕಿ ನಡೆಯುವ ವೇಗದಲ್ಲಿ ಹತ್ತುವಾಗ ಎದುರುಗಾಳಿ ಅನ್ನೋದೇ ಇರುವುದಿಲ್ಲ. ಮೂಲ ಫ್ಯಾನ್ ಬೆಲ್ಟಿನಲ್ಲಿ ಇಂಜಿನ್ ಜೊತೆಗೇ ತಿರುಗುವಂಥದ್ದು, ಇಂಜಿನ್ ನಿಧಾನವಾದರೆ ಅದೂ ನಿಧಾನ. ಅಂದರೆ ಗಾಳಿ ಅತಿ ಹೆಚ್ಚು ಬೇಕಾದಾಗಲೇ ಅತಿ ಕಡಿಮೆ ಸಿಗುತ್ತದೆ.

ಡ್ಯಾಶ್‌ಬೋರ್ಡ್ ಮೇಲಿನ ಬಿಸಿ ತೋರಿಸುವ ಮುಳ್ಳನ್ನು ನಂಬಬೇಡಿ. ನನ್ನದು ಮಧ್ಯದಲ್ಲೇ ಕೂತಿರುತ್ತಿತ್ತು, ಅದು ಅಲುಗಾಡುವ ಹೊತ್ತಿಗೆ ಬಾನೆಟ್ ಸಂದಿಯಲ್ಲಿ ಹಬೆ ಬಂದಿತ್ತು. ಮೊದಲು ಹಾಕಿಸಬೇಕಾದ್ದು ಡಿಜಿಟಲ್ ಮೀಟರ್ ಮತ್ತು ಅದರ ಸೆನ್ಸರ್, 1,400 ರೂಪಾಯಿ. ಅದು ತೋರಿಸಿದ ಮೇಲೆ ಗೊತ್ತಾಯಿತು, ಏರಿನಲ್ಲಿ 108 ಡಿಗ್ರಿ ಮುಟ್ಟುತ್ತಿತ್ತು. ನಮ್ಮೂರು ಸಮುದ್ರ ಮಟ್ಟದಿಂದ ಸುಮಾರು 950 ಮೀಟರ್ ಮೇಲೆ, ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ. 108ರಲ್ಲೂ ಇಂಜಿನ್ ಉಳಿದದ್ದು ರೇಡಿಯೇಟರ್ ಮುಚ್ಚಳದ ಒತ್ತಡದಿಂದ. 0.9 ಬಾರ್ ಅಂತ ಬರೆದಿರುವ ಆ ಮುಚ್ಚಳ ಕುದಿಯುವ ಹಂತವನ್ನು ಸುಮಾರು 20 ಡಿಗ್ರಿ ಮೇಲಕ್ಕೆ ತಳ್ಳುತ್ತದೆ. ಅದರ ರಬ್ಬರ್ ಒಣಗಿ ಬಿರುಕು ಬಿಟ್ಟಿದ್ದರೆ ಬೇರೇನು ಬದಲಾಯಿಸಿದರೂ ಸುಮ್ನೆ.

ಇಲ್ಲಿ ಒಂದು ಮಾತು. ಬಿಸಿ ಆಗುತ್ತಿದೆ ಅಂದ ಕೂಡಲೇ ಮೂರರಲ್ಲಿ ಇಬ್ಬರು ಮೆಕ್ಯಾನಿಕ್‌ಗಳು ಹೇಳುವುದು ಒಂದೇ, "ಥರ್ಮೋಸ್ಟಾಟ್ ತೆಗೆದು ಬಿಸಾಕಿ ಸಾರ್." ಇಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ಕವಾಟ ಅದು. ನಾನೂ ತೆಗೆಸಿದೆ. ಡಿಸೆಂಬರ್ ಬೆಳಗ್ಗೆ ಹಾಸನಕ್ಕೆ ಹೋದರೆ ದಾರಿಯುದ್ದಕ್ಕೂ 64 ಡಿಗ್ರಿ. ಇಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಕಂಪ್ಯೂಟರ್ ಪೆಟ್ರೋಲ್ ಸುರಿಯುತ್ತಲೇ ಇತ್ತು, ಮೈಲೇಜ್ 11ರಿಂದ 8ಕ್ಕೆ ಬಂತು. ಏರಿನಲ್ಲಿ ಮಾತ್ರ ಹೆಚ್ಚೇನೂ ಇಳಿಯದೆ 106. ವಾಪಸ್ 82 ಡಿಗ್ರಿಗೆ ತೆರೆಯುವ ಥರ್ಮೋಸ್ಟಾಟನ್ನೇ ಹಾಕಿಸಿದೆ.

ಆಮೇಲೆ ಈ ಕಿಟ್. ದಪ್ಪ ಕೊಳವೆಗಳ ಎರಡು ಸಾಲಿನ ಅಲ್ಯೂಮಿನಿಯಂ ರೇಡಿಯೇಟರ್, 14 ಇಂಚಿನ ಎಲೆಕ್ಟ್ರಿಕ್ ಫ್ಯಾನ್. ಬ್ರಾಕೆಟ್ಟಿನ ತೂತುಗಳು ಹೊಂದಲಿಲ್ಲ, ಒಂದು ದಿನ ಫೈಲು ಉಜ್ಜಿದ್ದೇ ಆಯಿತು. ಫ್ಯಾನನ್ನು ಪ್ಲಾಸ್ಟಿಕ್ ಟೈ ತೂರಿಸಿ ನೇರ ರೇಡಿಯೇಟರಿಗೇ ಬಿಗಿದರು. ಹಾಗೆ ಮಾಡಿಸಬೇಡಿ. ಕುಲುಕಾಟಕ್ಕೆ ಆ ಟೈ ಕೊಳವೆಯನ್ನು ತಿಕ್ಕಿ ತಿಕ್ಕಿ 14ನೇ ತಿಂಗಳಿಗೆ ಸೂಜಿಮೊನೆಯಷ್ಟು ತೂತಾಯಿತು. ಮಾರಿದವರು "ಬಳಸಿದ ರೀತಿ ಸರಿಯಿಲ್ಲ" ಅಂದರು, ವಾರಂಟಿ ಅಲ್ಲಿಗೆ ಮುಗಿಯಿತು. ಹಳೆಯ ಹಿತ್ತಾಳೆ ರೇಡಿಯೇಟರ್ ಆಗಿದ್ದರೆ ಪೇಟೆಯಲ್ಲಿ ಬೆಸುಗೆ ಹಾಕುವವರು ಅರ್ಧ ಗಂಟೆಯಲ್ಲಿ ಮುಚ್ಚಿಕೊಡುತ್ತಿದ್ದರು. ಅಲ್ಯೂಮಿನಿಯಂ ಬೆಸುಗೆಗೆ ಟಿಗ್ ವೆಲ್ಡಿಂಗ್ ಗೊತ್ತಿರುವವರನ್ನು ಹುಡುಕಿಕೊಂಡು ಬೆಂಗಳೂರಿಗೇ ಹೋಗಬೇಕಾಯಿತು.

ಅದಿರಲಿ, ಹಾಕಿಸಿದ ಹೊಸದರಲ್ಲಿ ಏರಿನಲ್ಲಿ 102 ಬಂತು. 19,000ಕ್ಕೆ ಆರು ಡಿಗ್ರಿ! ಆ ತೂತಿಗೆ ಬೆಸುಗೆ ಆದ ಮೇಲೆ ಒಂದು ಸಂಜೆ ಬೇಜಾರಲ್ಲಿ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಫ್ಯಾನ್ ಹಾಕಿ, ಗ್ರಿಲ್ ಬಿಚ್ಚಿ, ರೇಡಿಯೇಟರ್ ಮುಂದೆ ದಿನಪತ್ರಿಕೆಯ ಒಂದು ಹಾಳೆ ಹಿಡಿದೆ. ನಡುವೆ ಹಿಡಿದರೆ ಪಟ್ಟನೆ ಅಂಟಿಕೊಂಡಿತು. ಮೂಲೆಗೆ ಸರಿಸಿದರೆ ಜಾರಿ ಬಿತ್ತು. ನಾಲ್ಕೂ ಮೂಲೆಗಳಲ್ಲಿ ಅದೇ ಕಥೆ. ಫ್ಯಾನಿನಷ್ಟು ಅಗಲದ ವೃತ್ತ ಮಾತ್ರ ಕೆಲಸ ಮಾಡುತ್ತಿತ್ತು, ಉಳಿದ ಭಾಗಕ್ಕೆ ನಾನು ಕೊಟ್ಟ ದುಡ್ಡು ಸುಮ್ನೆ ನೇತಾಡುತ್ತಿತ್ತು.

ಮಾರನೇ ದಿನವೇ ತಗಡಿನವರ ಹತ್ತಿರ ಹೋದೆ. ರೇಡಿಯೇಟರಿನ ಹಿಂಬದಿ ಪೂರ್ತಿ ಮುಚ್ಚುವ, ಎರಡು ಇಂಚು ಆಳದ ಡಬ್ಬಿ, ನಡುವೆ ಫ್ಯಾನಿಗೆ ತೂತು. ಇದಕ್ಕೇ ಶ್ರೌಡ್ ಅನ್ನುತ್ತಾರೆ. ಫ್ಯಾನ್ ಈಗ ಬೋಲ್ಟ್ ಹಾಕಿ ಆ ಡಬ್ಬಿಗೆ ಕೂತಿದೆ, ರೇಡಿಯೇಟರನ್ನು ಮುಟ್ಟುವುದೇ ಇಲ್ಲ. ಸುತ್ತ ಸಂದಿಗಳಿಗೆ ಫೋಮ್ ತುರುಕಿದೆ, ಗಾಳಿ ಪಕ್ಕದಿಂದ ನುಣುಚಿಕೊಳ್ಳಬಾರದಲ್ವಾ. ಗ್ರಿಲ್ ಮುಂದಿನ ಲೈಟುಗಳನ್ನು ಬಿಚ್ಚಿ ಮೇಲೆ ಕ್ಯಾರಿಯರಿಗೆ ಕಟ್ಟಿದೆ. ಅದೇ ಏರು, ಅದೇ ಮಧ್ಯಾಹ್ನದ ಬಿಸಿಲು, 95. ಕಾಗದದ ಹಾಳೆ ಈಗ ಎಲ್ಲಿ ಹಿಡಿದರೂ ಅಂಟುತ್ತದೆ.

ಇದಕ್ಕೂ ಒಂದು ತಕರಾರು ಬಂತು. ಬೆಂಗಳೂರು ಹೆದ್ದಾರಿಯಲ್ಲಿ 90ರ ವೇಗಕ್ಕೆ ಮೊದಲಿಗಿಂತ ನಾಲ್ಕು ಡಿಗ್ರಿ ಜಾಸ್ತಿ! ಯೋಚನೆ ಮಾಡಿದರೆ ಸರಳ: ಆ ವೇಗದಲ್ಲಿ ಗಾಳಿ ತಾನಾಗಿಯೇ ಬರುತ್ತದೆ, ಆದರೆ ಹೊರಹೋಗೋಕೆ ಈ ಡಬ್ಬಿ ಬಿಡುತ್ತಿಲ್ಲ. ಡಬ್ಬಿಯ ಮೂಲೆಗಳಲ್ಲಿ ನಾಲ್ಕು ಕಿಟಕಿ ಕೊರೆಸಿ, ಹಳೆಯ ಲಾರಿ ಟ್ಯೂಬ್ ಕತ್ತರಿಸಿ ರೆಪ್ಪೆಗಳ ಹಾಗೆ ಹಿಂಬದಿಗೆ ಇಳಿಬಿಟ್ಟೆ. ವೇಗದಲ್ಲಿ ಗಾಳಿ ತಳ್ಳಿದರೆ ತೆರೆದುಕೊಳ್ಳುತ್ತವೆ, ಏರಿನಲ್ಲಿ ಫ್ಯಾನ್ ಎಳೆದರೆ ಮುಚ್ಚಿಕೊಳ್ಳುತ್ತವೆ. ಮೂರು ವರ್ಷದ ಕೆಲಸದಲ್ಲಿ ನನಗೆ ಅತಿ ಖುಷಿ ಕೊಟ್ಟಿದ್ದು ಈ ಟ್ಯೂಬಿನ ತುಂಡುಗಳು.

ಫ್ಯಾನ್ ಬಗ್ಗೆ: 93ಕ್ಕೆ ಆನ್, 88ಕ್ಕೆ ಆಫ್. ರಿಲೇ (ಫ್ಯಾನಿನ ಹೆಚ್ಚು ಕರೆಂಟನ್ನು ತಾನೇ ಹೊರುವ ಸ್ವಿಚ್), ಫ್ಯೂಸ್ ಇಲ್ಲದೆ ನೇರ ಸ್ವಿಚ್ಚಿಗೆ ಕೊಟ್ಟರೆ ವೈರ್ ಕರಗುತ್ತದೆ. ಹೊಳೆ ದಾಟುವಾಗ ಆಫ್ ಮಾಡೋಕೆ ಬೇರೆ ಸ್ವಿಚ್ ಬೇಕೇ ಬೇಕು, ತಿರುಗುವ ರೆಕ್ಕೆ ನೀರಿಗೆ ಸಿಕ್ಕರೆ ಬಾಗಿ ರೇಡಿಯೇಟರನ್ನೇ ಕೊರೆಯಬಹುದು. ದಡ ಹತ್ತಿದ ಮೇಲೆ ಮತ್ತೆ ಆನ್ ಮಾಡೋಕೆ ಮರೆಯಬೇಡಿ. ನಾನು ಒಮ್ಮೆ ಮರೆತಿದ್ದೆ, ಅಷ್ಟೇ ಹೇಳುತ್ತೇನೆ.

ರೇಡಿಯೇಟರಿಗೆ ತುಂಬುವುದು ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ನೀರು ಅರ್ಧ. ಬೋರ್‌ವೆಲ್ ನೀರು ಬೇಡ, ಒಳಗೆ ಸುಣ್ಣ ಕಟ್ಟುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ರೇಡಿಯೇಟರಿನ ಕೆಸರು ತೊಳೆಯುತ್ತೇನೆ, ಇಂಜಿನ್ ಕಡೆಯಿಂದ ಮುಂದಕ್ಕೆ, ಮಾಮೂಲಿ ಪೈಪಿನಲ್ಲಿ. ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ಗನ್ ಹಿಡಿದರೆ ರೇಡಿಯೇಟರಿನ ಕೊಳವೆಗಳ ನಡುವಿನ ತೆಳು ತಗಡುಗಳು ಮಲಗಿಬಿಡುತ್ತವೆ.

ಕಿಟ್ ಹಾಕಿಸಿದ ಮೇಲೆ ಈಗ 27,000 ಕಿಲೋಮೀಟರ್ ಆಗಿದೆ. ಬೇಸಿಗೆಯಲ್ಲಾಗಲಿ, ಲೋಡ್ ಇದ್ದಾಗಾಗಲಿ, 88ರಿಂದ 96ರ ಒಳಗೇ ಇರುತ್ತದೆ. ಫ್ಯಾನಿಗೆ ಐದಕ್ಕೆ ನಾಲ್ಕೂವರೆ, ರೇಡಿಯೇಟರಿಗೆ ಮೂರು. ಮತ್ತೆ ಶುರುವಿನಿಂದ ಮಾಡುವುದಾದರೆ ಹಿತ್ತಾಳೆಯದ್ದನ್ನೇ ತೊಳೆಸಿ, ಶ್ರೌಡ್ ಮತ್ತು ಫ್ಯಾನ್ ಮಾತ್ರ ಹಾಕಿ ಒಂದು ಬೇಸಿಗೆ ನೋಡುತ್ತಿದ್ದೆ. ಹೋದ ವಾರ ಬೆಸುಗೆಯ ಪಕ್ಕದಲ್ಲಿ ಮತ್ತೆ ಕೂಲೆಂಟ್ ಸೋರಿದ ಹಸಿರು ಕಲೆ ಕಂಡಿದೆ, ಒರೆಸಿದರೆ ಎರಡು ದಿನಕ್ಕೆ ವಾಪಸ್. ಹಳೆಯದು ಶೆಡ್ಡಿನಲ್ಲಿ ಗೋಣಿಚೀಲ ಹೊದ್ದು ಕೂತಿದೆ, ಭಾನುವಾರ ಇಳಿಸಿ ನೋಡಬೇಕು.