ಆಫೀಸಲ್ಲಿ ಅಪಾರ್ಥ ಆಗಬಾರದು ಅಂತ ಒಂದಿನದ ಟ್ರೈನಿಂಗ್: ಐದಕ್ಕೆ ಮೂರು ಸ್ಟಾರ್

ಮೊದಲೇ ಲೆಕ್ಕ ಹೇಳಿಬಿಡುತ್ತೇನೆ. ಬೆಳಗಿನ ಸೆಷನ್‌ಗೆ ನಾಲ್ಕೂವರೆ, ಮಧ್ಯಾಹ್ನದ್ದಕ್ಕೆ ಒಂದೂವರೆ, ಸರಾಸರಿ ಮೂರು. ಊಟ ಚೆನ್ನಾಗಿತ್ತು, ಅದನ್ನ ಈ ಲೆಕ್ಕಕ್ಕೆ ಸೇರಿಸಿಲ್ಲ.

ಇದು ಕಂಪನಿಗಳಿಗೆ ವರ್ಕ್‌ಪ್ಲೇಸ್ ಕಮ್ಯುನಿಕೇಶನ್ ಕಲಿಸುವ ಒಂದು ಸಂಸ್ಥೆಯ ಟ್ರೈನಿಂಗ್. ಹೆಸರು ಬರೆಯುವುದಿಲ್ಲ. ಬೆಂಗಳೂರಲ್ಲಿ ಇಂಥವು ಬೇಕಾದಷ್ಟಿವೆ, ಸ್ಲೈಡುಗಳೂ ಹೆಚ್ಚು ಕಮ್ಮಿ ಒಂದೇ ಥರ, ಹಾಗಾಗಿ ನಿಮ್ಮ ಎಚ್‌ಆರ್ ನಾಳೆ ಯಾರನ್ನ ಕರೆಸಿದರೂ ಇದರಲ್ಲಿ ಮುಕ್ಕಾಲು ಪಾಲು ನಿಮಗೂ ಸಿಗುತ್ತೆ. ನಾನು ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಅಕೌಂಟ್ಸ್, ಪರ್ಚೇಸ್, ಸ್ಟೋರ್ಸ್, ಡಿಸ್ಪ್ಯಾಚ್ ನಾಲ್ಕೂ ಸೆಕ್ಷನ್ನಿನವರನ್ನ ಒಟ್ಟಿಗೆ ಕೂರಿಸಿದರು. ಯಾಕೆ ಅಂತ ಯಾರೂ ಕೇಳಲಿಲ್ಲ. ತಿಂಗಳ ಕೊನೆಯಲ್ಲಿ ನಮ್ಮ ಮೇಲ್ ಟ್ರೇಲ್‌ಗಳನ್ನ ನೋಡಿದವರಿಗೆ ಕಾರಣ ಗೊತ್ತೇ ಇರುತ್ತೆ.

ಬೆಳಿಗ್ಗೆ ಮೊದಲು ಮಾಡಿಸಿದ್ದು ತಾಳ ಕುಟ್ಟುವ ಆಟ. ಒಬ್ಬರು ಮನಸ್ಸಲ್ಲೇ ಒಂದು ಹಾಡು ಹೇಳಿಕೊಂಡು ಟೇಬಲ್ ಮೇಲೆ ಬೆರಳಲ್ಲಿ ಕುಟ್ಟಬೇಕು, ಎದುರಿಗಿರುವವರು ಯಾವ ಹಾಡು ಅಂತ ಹೇಳಬೇಕು. ಕುಟ್ಟುವವರ ಮುಖ ನೋಡಬೇಕಿತ್ತು ನೀವು. ಇಷ್ಟು ಸುಲಭದ್ದೂ ಗೊತ್ತಾಗಲ್ವಾ ಅನ್ನುವ ಸಿಟ್ಟು. ಎದುರಿಗಿದ್ದವರಿಗೆ ಬರೀ ಟಕ್ ಟಕ್. ಇದು ಸುಮ್ನೆ ಟೈಮ್‌ಪಾಸ್ ಅಲ್ಲ, 1990ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಎಲಿಜಬೆತ್ ನ್ಯೂಟನ್ ಅನ್ನುವವರು ತಮ್ಮ ಪಿಎಚ್‌ಡಿಗೆ ಮಾಡಿದ ಪ್ರಯೋಗ. ಅರ್ಧದಷ್ಟಾದರೂ ಗೊತ್ತಾಗುತ್ತೆ ಅಂತ ಕುಟ್ಟಿದವರು ಅಂದುಕೊಂಡಿದ್ದರು. 120 ಹಾಡಲ್ಲಿ ಕೇಳಿದವರಿಗೆ ಗೊತ್ತಾಗಿದ್ದು ಮೂರೇ ಮೂರು.

ಇದಾದ ಮೇಲೆ ನಡೆದದ್ದೇ ಇಡೀ ದಿನದಲ್ಲಿ ನನಗೆ ಕೆಲಸಕ್ಕೆ ಬಂದ ಭಾಗ. ನಿಮ್ಮ ನಿಮ್ಮ ಆಫೀಸಿನ ಒಂದು ನಿಜವಾದ ಮೇಲ್ ತೆಗೀರಿ, ಅದು ಯಾರಿಗೆ ಬಂದಿತ್ತೋ ಅವರೇ ಗಟ್ಟಿಯಾಗಿ ಓದಿ ಅಂದರು ಟ್ರೈನರ್. ನಮ್ಮ ಸ್ಟೋರ್ಸ್ ಇನ್‌ಚಾರ್ಜ್ ನನ್ನದೇ ಮೇಲ್ ತೆಗೆದರು. ವಿಷಯ ಇಷ್ಟೇ. ಮಾಲು ಬಂದರೆ ಸ್ಟೋರ್ಸ್‌ನವರು ಸಿಸ್ಟಮ್‌ನಲ್ಲಿ ಜಿಆರ್‌ಎನ್, ಅಂದರೆ ಮಾಲು ಬಂತು ಅನ್ನುವ ಎಂಟ್ರಿ ಹಾಕಬೇಕು. ಮಾಲು ಕೈಸೇರದೆ ನಾವು ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ (ಖರೀದಿಗೆ ಕೊಟ್ಟ ತೆರಿಗೆಯನ್ನ ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವುದು) ತಗೊಳ್ಳುವ ಹಾಗಿಲ್ಲ, ಮಾಲು ಬಂದಿದೆ ಅನ್ನುವುದಕ್ಕೆ ನಮ್ಮ ಹತ್ತಿರ ಇರುವ ದಾಖಲೆ ಆ ಎಂಟ್ರಿ, ಮತ್ತೆ ತಿಂಗಳ ತಿಂಗಳ ಜಿಎಸ್‌ಟಿ 3ಬಿ ರಿಟರ್ನ್‌ಗೆ ಮುಂದಿನ ತಿಂಗಳ 20ನೇ ತಾರೀಕು ಕೊನೆ. ಹಾಗಾಗಿ ಪೆಂಡಿಂಗ್ ಲಿಸ್ಟ್ ಕಳಿಸಿ, ಕೆಳಗೆ ‘ಪ್ಲೀಸ್ ಅಪ್‌ಡೇಟ್ ಟುಡೇ ವಿತೌಟ್ ಫೇಲ್’ ಅಂತ ಬರೆದು, ಪ್ಲ್ಯಾಂಟ್ ಮ್ಯಾನೇಜರ್‌ಗೆ ಸಿಸಿ ಹಾಕಿದ್ದೆ. ಅವರು ಅದನ್ನ ಓದಿದ್ದು ಹೇಗೆ ಗೊತ್ತಾ? ಒಂದೊಂದು ಪದ ಒತ್ತಿ ಒತ್ತಿ, ಸಾಲ ವಸೂಲಿಗೆ ಬಂದವರ ದನಿಯಲ್ಲಿ. ಹಾಲ್ ಪೂರ್ತಿ ನಕ್ಕಿತು. ಆಮೇಲೆ ಅದೇ ಮೇಲನ್ನ ನನ್ನ ಕೈಲಿ ಓದಿಸಿದರು, ನಾನು ಮಾಮೂಲಿ ಮಾತಾಡುವ ಹಾಗೆ ಓದಿದೆ.

“ಮೇಡಂ, ನೀವು ಹಿಂಗೆ ಹೇಳಿದ್ರೆ ನಾನ್ಯಾಕೆ ಬೇಜಾರು ಮಾಡ್ಕೊಳ್ಳಲಿ? ಆವತ್ತು ಮೇಲ್ ಬಂದಾಗ ಗೇಟಲ್ಲಿ ಎರಡು ಲಾರಿ ನಿಂತಿದ್ವು. ಅನ್‌ಲೋಡಿಂಗ್‌ಗೆ ಇಬ್ಬರೇ ಹುಡುಗರು. ಅದ್ರಲ್ಲೂ ಸಾಹೇಬ್ರಿಗೆ ಬೇರೆ ಹೇಳಿದೀರ.”

“ಅಣ್ಣಾ, ಸಾಹೇಬ್ರಿಗೆ ಚಾಡಿ ಹೇಳಿದ್ದಲ್ಲ. ಪೆಂಡಿಂಗ್ ಲಿಸ್ಟ್ ಯಾರಿಗೆ ಹೋದರೂ ನನಗೊಂದು ಕಾಪಿ ಹಾಕಿ ಅಂತ ಅವರೇ ಹೇಳಿರೋದು. ಪರ್ಚೇಸ್‌ಗೂ ಹಂಗೇ ಕಳಿಸ್ತೀನಿ, ಕೇಳಿ ನೋಡಿ.”

ಪರ್ಚೇಸ್‌ನವರು ಹೌದು ಅಂತ ತಲೆಯಾಡಿಸಿದರು. ಒಂದು ವರ್ಷದಿಂದ ನಮ್ಮಿಬ್ಬರ ಮಧ್ಯೆ ಇದ್ದ ಮುಸುಕಿನ ಗುದ್ದಾಟ ಇಷ್ಟಕ್ಕಾ ಅನ್ನಿಸಿತು. ಲಾರಿ ವಿಷಯ ನನಗೆ ಗೊತ್ತಿರಲಿಲ್ಲ, ಸಾಹೇಬರ ಆರ್ಡರ್ ಅವರಿಗೆ ಗೊತ್ತಿರಲಿಲ್ಲ, ಮೇಲ್‌ನಲ್ಲಿ ಎರಡೂ ಇರಲಿಲ್ಲ.

ಇಲ್ಲಿ ಟ್ರೈನರ್ ಹೇಳದೆ ಬಿಟ್ಟ ಒಂದು ವಿಷಯ ಸೇರಿಸುತ್ತೇನೆ, ಯಾಕಂದ್ರೆ ಇದಕ್ಕೆ ಸರಿಯಾಗಿ ಹೊಂದುತ್ತೆ. 2005ರಲ್ಲಿ ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತೆ ಅವರ ಜೊತೆಯವರು ಅಮೆರಿಕದಲ್ಲಿ ಇದನ್ನೇ ಪರೀಕ್ಷೆ ಮಾಡಿದ್ದರು. ಕೆಲವು ವಾಕ್ಯ ವ್ಯಂಗ್ಯದ್ದು, ಕೆಲವು ನಿಜವಾಗಿ ಹೇಳಿದ್ದು. ಓದಿದವರಿಗೆ ಯಾವುದು ಯಾವುದು ಅಂತ ನೂರಕ್ಕೆ 78 ಸಲ ಗೊತ್ತಾಗುತ್ತೆ ಅಂತ ಕಳಿಸಿದವರ ಅಂದಾಜು. ಇಮೇಲ್‌ನಲ್ಲಿ ಗೊತ್ತಾಗಿದ್ದು 56 ಸಲ. ಕಣ್ಣು ಮುಚ್ಚಿಕೊಂಡು ಊಹೆ ಮಾಡಿದರೂ 50 ಬರುತ್ತೆ ಅಲ್ವಾ! ಅದನ್ನೇ ದನಿಯಲ್ಲಿ ಕೇಳಿಸಿದಾಗ 73. ಅಂದರೆ ಇಂಟರ್‌ಕಾಮ್ ಎತ್ತಿ ಎರಡು ಮಾತಾಡಿದರೆ ಮುಗಿಯುವ ಕೆಲಸಕ್ಕೆ ನಾವು ಅರ್ಧ ಪುಟ ಟೈಪ್ ಮಾಡಿ ಜಗಳ ತಗೊಳ್ಳುತ್ತಿದ್ದೇವೆ.

ಊಟಕ್ಕೆ ಮೊದಲು ಎಸ್‌ಬಿಐ ಕಲಿಸಿದರು. ಬ್ಯಾಂಕ್ ಅಲ್ಲ, ಸಿಚುಯೇಶನ್-ಬಿಹೇವಿಯರ್-ಇಂಪ್ಯಾಕ್ಟ್. ಸೆಂಟರ್ ಫಾರ್ ಕ್ರಿಯೇಟಿವ್ ಲೀಡರ್‌ಶಿಪ್ ಅನ್ನುವ ಅಮೆರಿಕದ ಸಂಸ್ಥೆ ಮಾಡಿದ ವಿಧಾನ. ಯಾವಾಗ ಎಲ್ಲಿ ಆಯಿತು ಅಂತ ಹೇಳಬೇಕು, ಎದುರಿನವರು ಏನು ಮಾಡಿದರು ಅಂತ ಹೇಳಬೇಕು, ಅದರಿಂದ ನಮಗೆ ಏನನ್ನಿಸಿತು ಅಂತ ಹೇಳಬೇಕು, ಕೊನೆಗೆ ನಿಮ್ಮ ಉದ್ದೇಶ ಏನಿತ್ತು ಅಂತ ಕೇಳಬೇಕು. ಈ ಕೊನೆಯ ಪ್ರಶ್ನೆ ಬಂಗಾರ. ನಾವು ಯಾರೂ ಕೇಳುವುದೇ ಇಲ್ಲ, ನಾವೇ ತೀರ್ಮಾನ ಮಾಡಿಬಿಡುತ್ತೇವೆ. ಆದರೆ ಅವರು ಕೊಟ್ಟ ಉದಾಹರಣೆ ಎಲ್ಲಾ ಇಂಗ್ಲಿಷಲ್ಲಿ. ಅದನ್ನ ಹಾಗೇ ಕನ್ನಡಕ್ಕೆ ತಂದು, ‘ನೆನ್ನೆ ಹನ್ನೊಂದು ಗಂಟೆ ಮೀಟಿಂಗಲ್ಲಿ ನಾನು ಮಾತಾಡುತ್ತಿರುವಾಗ ನೀವು ಎದ್ದು ಹೋದಿರಿ’ ಅಂತ ಶುರು ಮಾಡಿದರೆ ಪೊಲೀಸರು ಮಹಜರು ಬರೆದ ಹಾಗಿರುತ್ತೆ. ಡಿಸ್ಪ್ಯಾಚ್ ಸೂಪರ್‌ವೈಸರ್ ಇದನ್ನೇ ಎದ್ದು ನಿಂತು ಹೇಳಿದರು. ಟ್ರೈನರ್‌ಗೆ ಕನ್ನಡ ಚೆನ್ನಾಗಿ ಬರುತ್ತಿತ್ತು, ಬ್ರೇಕಲ್ಲಿ ಕನ್ನಡದಲ್ಲೇ ಹರಟೆ ಹೊಡೆದರು, ಆದರೆ ಮೈಕ್ ಹಿಡಿದ ತಕ್ಷಣ ಇಂಗ್ಲಿಷ್. ಯಾಕೋ ಗೊತ್ತಿಲ್ಲ. ಶಾಪ್ ಫ್ಲೋರಲ್ಲಿ ಯಾರು ಇಂಗ್ಲಿಷಲ್ಲಿ ಜಗಳ ಆಡುತ್ತಾರೆ?

ಮಧ್ಯಾಹ್ನದ ಕಥೆ ಬೇರೆ. ಡಿಸ್ಕ್ ಅನ್ನುವ, ಸ್ವಭಾವ ಅಳೆಯುವ ಪ್ರಶ್ನಾವಳಿ ತುಂಬಿಸಿ, ಒಬ್ಬೊಬ್ಬರಿಗೂ ಡಿ (ಮುನ್ನುಗ್ಗುವವರು), ಐ (ಮಾತಲ್ಲಿ ಒಲಿಸುವವರು), ಎಸ್ (ತಾಳ್ಮೆಯವರು), ಸಿ (ಅಚ್ಚುಕಟ್ಟಿನವರು) ಅಂತ ಅಕ್ಷರ, ಅದಕ್ಕೊಂದು ಬಣ್ಣದ ಬ್ಯಾಡ್ಜ್. ಇದರ ಮೂಲ 1928ರಲ್ಲಿ ವಿಲಿಯಂ ಮಾರ್ಸ್ಟನ್ ಬರೆದ ಪುಸ್ತಕ. (ವಂಡರ್ ವುಮನ್ ಪಾತ್ರ ಹುಟ್ಟಿಸಿದವರೂ ಇದೇ ಮಾರ್ಸ್ಟನ್.) ಅವರು ಸಿದ್ಧಾಂತ ಬರೆದರು ಅಷ್ಟೇ, ಪ್ರಶ್ನಾವಳಿ ಮಾಡಿದ್ದು ಆಮೇಲೆ ಬಂದವರು. ನನ್ನ ತಕರಾರು ಅದಲ್ಲ. ಮನುಷ್ಯರನ್ನ ಬೇಗ ಅಳೆದುಬಿಡಬೇಡಿ ಅಂತ ಬೆಳಗಿಂದ ಹೇಳಿಕೊಟ್ಟು, ಮಧ್ಯಾಹ್ನ ಎಲ್ಲರ ಎದೆಗೂ ಚೀಟಿ ಅಂಟಿಸಿದರೆ ಹೇಗೆ? ಸಂಜೆ ಟೀ ಹೊತ್ತಿಗೇ ಶುರುವಾಗಿತ್ತು: ಅವನು ಡಿ, ಅದಕ್ಕೇ ಹಂಗೆ ಕೂಗಾಡೋದು. ಅವಳು ಸಿ, ಅವಳಿಗೆ ತಪ್ಪು ಹುಡುಕೋದೇ ಕೆಲಸ. ಮುಂಚೆ ಅಪಾರ್ಥ ಮಾಡಿಕೊಂಡವರಿಗೆ ಒಳಗೊಳಗೇ ಸ್ವಲ್ಪ ಅನುಮಾನವಾದರೂ ಇರುತ್ತಿತ್ತು. ಈಗ ಸರ್ಟಿಫಿಕೇಟ್ ಸಿಕ್ಕಿದೆ.

ಕೊನೆಯ ಸೆಷನ್‌ಗೆ ಇಂದ್ರಾ ನೂಯಿ ಫೋಟೋ. ಪೆಪ್ಸಿಕೋ ಮುಖ್ಯಸ್ಥೆಯಾಗಿದ್ದಾಗ ಅವರು ತಮ್ಮ ತಂದೆಯಿಂದ ಕಲಿತದ್ದು ಅಂತ ಹೇಳಿಕೊಂಡ ಮಾತು, ಎದುರಿನವರು ಏನೇ ಅಂದರೂ ಒಳ್ಳೆ ಉದ್ದೇಶದಿಂದಲೇ ಅಂದಿದ್ದಾರೆ ಅಂದುಕೊಳ್ಳಿ ಅನ್ನುವುದು. ಮಾತು ಒಳ್ಳೆಯದೇ. ಸ್ಟೋರ್ಸ್‌ಗೂ ಅಕೌಂಟ್ಸ್‌ಗೂ ನಡುವೆ ಖಂಡಿತ ನಡೆಯುತ್ತೆ, ಇಬ್ಬರದೂ ಒಂದೇ ಲೆವೆಲ್. ಆದರೆ ರಜೆ ಸಹಿ ಮಾಡುವವರು, ಅಪ್ರೈಸಲ್ ಬರೆಯುವವರು ನಿಮ್ಮನ್ನ ತಪ್ಪು ತಿಳಿದುಕೊಂಡಿದ್ದರೆ? ಹುಷಾರಿಲ್ಲ ಅಂತ ಬೇಗ ಹೊರಟವನನ್ನ ಕಳ್ಳಾಟ ಆಡುತ್ತಾನೆ ಅಂತ ಅಂದುಕೊಂಡ ಮ್ಯಾನೇಜರ್‌ಗೆ ಅವನು ಏನು ಮಾಡಬೇಕು ಅಂತ ಪರ್ಚೇಸ್‌ನ ಹುಡುಗ ಕೇಳಿದ. ಉತ್ತರ: ನೀವೂ ಅವರ ಉದ್ದೇಶ ಒಳ್ಳೆಯದು ಅಂದುಕೊಳ್ಳಿ. ಮುಗಿಯಿತು. ಹಾಲಲ್ಲಿ ಒಬ್ಬ ಮ್ಯಾನೇಜರೂ ಇರಲಿಲ್ಲ ಅನ್ನುವುದನ್ನ ಇಲ್ಲೇ ಹೇಳಬೇಕು. ಟ್ರೈನಿಂಗ್ ಬೇಕಿದ್ದುದು ಕೆಳಗಿನವರಿಗೆ ಮಾತ್ರ ಅಂತ ಎಚ್‌ಆರ್‌ಗೆ ಯಾರು ಹೇಳಿದರೋ.

ಇನ್ನೊಂದು ಸೀರಿಯಸ್ ವಿಷಯ. ತನ್ನ ಡ್ರೆಸ್ ಬಗ್ಗೆ ಪದೇ ಪದೇ ಮಾತಾಡುವ ಒಬ್ಬರ ಬಗ್ಗೆ ನಮ್ಮ ಹುಡುಗಿಯೊಬ್ಬಳು ಕೇಳಿದಳು. ಅದಕ್ಕೂ ಇದೇ ಉತ್ತರ ಬಂತು. ಇದು ತಪ್ಪು, ಸ್ಪಷ್ಟವಾಗಿ ತಪ್ಪು. ಕೆಲಸದ ಜಾಗದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ನೋಡುವುದು ಲೈಂಗಿಕ ಬಣ್ಣದ ಮಾತು, ನಡತೆ ಆಕೆಗೆ ಬೇಡವಾಗಿತ್ತಾ ಅಂತ. ಹತ್ತು ಜನ ಅಥವಾ ಜಾಸ್ತಿ ಕೆಲಸಗಾರರಿರುವ ಕಡೆ ಇಂಟರ್ನಲ್ ಕಮಿಟಿ ಇರಲೇಬೇಕು, ದೂರು ಹೋಗಬೇಕಾದ್ದು ಅಲ್ಲಿಗೆ. ಕಮ್ಯುನಿಕೇಶನ್ ಕಲಿಸುವವರು ಇಷ್ಟನ್ನ ಹೇಳಿ ಮೈಕ್ ಎಚ್‌ಆರ್‌ಗೆ ಕೊಟ್ಟಿದ್ದರೆ ಸಾಕಿತ್ತು. ಒಂದೂವರೆ ಸ್ಟಾರ್ ಇಳಿದದ್ದು ಬರೀ ಇದಕ್ಕೇ.

ನಿಮ್ಮ ಕಂಪನಿಯಲ್ಲಿ ಇಂಥದ್ದು ಬುಕ್ ಮಾಡುವ ಜವಾಬ್ದಾರಿ ನಿಮ್ಮದಾದರೆ, ಅರ್ಧ ದಿನದ್ದು ಕೇಳಿ. ಸ್ವಂತ ಮೇಲ್ ಓದಿಸುವ ಭಾಗ ಇರಲೇಬೇಕು ಅನ್ನಿ, ಅದೂ ಜನ ದಿನಾ ಆಡುವ ಭಾಷೆಯಲ್ಲಿ. ಬಣ್ಣದ ಬ್ಯಾಡ್ಜಿನ ದುಡ್ಡು ಉಳಿಸಿ. ಮ್ಯಾನೇಜರುಗಳನ್ನ ಅದೇ ಹಾಲಲ್ಲಿ ಕೂರಿಸಿ, ಸಾಧ್ಯವಾದರೆ ಮೊದಲನೇ ಸಾಲಲ್ಲಿ. ನನ್ನ ಮಟ್ಟಿಗೆ ಹೇಳುವುದಾದರೆ, ಈಗ ಪೆಂಡಿಂಗ್ ಲಿಸ್ಟ್ ಕಳಿಸುವ ಮುಂಚೆ ಸ್ಟೋರ್ಸ್‌ಗೆ ಫೋನ್ ಮಾಡಿ ಗೇಟಲ್ಲಿ ಲಾರಿ ಇದೆಯಾ ಅಂತ ಕೇಳುತ್ತೇನೆ. ಸಿಸಿ ಈಗಲೂ ಹಾಕುತ್ತೇನೆ, ಸಾಹೇಬರು ಹೇಳಿದ್ದಾರಲ್ಲ.