ಹಳೇ ಮಿಲಿಟರಿ ಕೋಟಿನ ವಯಸ್ಸು: ಗುಂಡಿ ನಂಬೋದಾ, ಒಳಗಿನ ಮುದ್ರೆ ನಂಬೋದಾ?

ಹಳೇ ಮಿಲಿಟರಿ ಕೋಟು ಕೈಗೆ ಬಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ಹಿತ್ತಾಳೆ ಗುಂಡಿಯ ಮೇಲೆ. ಮಾರುವವರೂ ಅದನ್ನೇ ಉಜ್ಜಿ ತೋರಿಸಿ ಬೆಲೆ ಹೇಳುತ್ತಾರೆ. ಬ್ರಿಟಿಷ್ ಕಾಲದ ಭಾರತೀಯ ಸೇನೆಯ ಬಟ್ಟೆಗಳನ್ನು ಕೂಡಿಡುವ ನಾನು ಗುಂಡಿ, ಬಟ್ಟೆಯ ಒಳಗೆ ಒತ್ತಿದ ಮುದ್ರೆ, ಯುವಿ (ಅತಿನೇರಳೆ ಬೆಳಕಿನ) ಟಾರ್ಚ್, ಹಳೇ ಫೋಟೋ ಎಲ್ಲವನ್ನೂ ಬಳಸಿ ನೋಡಿದ್ದೇನೆ. ಒಂದನ್ನೇ ಆರಿಸಿಕೋ ಅಂದರೆ ನನ್ನ ವೋಟು ಒಳಗಿನ ಮುದ್ರೆಗೆ.

ಗುಂಡಿಯನ್ನು ಸುಮ್ನೆ ತಳ್ಳಿಹಾಕುತ್ತಿಲ್ಲ. ಓದಲು ಅದರಷ್ಟು ಸುಲಭದ್ದು ಬೇರೆ ಇಲ್ಲ. ಗುಂಡಿಯ ಮೇಲಿನ ಕಿರೀಟದ ಕಮಾನು ದುಂಡಗೆ ಮೇಲೇರಿದ್ದರೆ 1901ರಿಂದ 1952ರವರೆಗಿನ ರಾಜರ ಕಾಲದ್ದು. ನಡುವೆ ತಗ್ಗಿದ್ದರೆ ಎರಡನೇ ಎಲಿಜಬೆತ್ ಕಾಲದ್ದು. 1950ರಲ್ಲಿ ನಾವು ಗಣರಾಜ್ಯವಾದ ಮೇಲೆ ನಮ್ಮ ಸೇನೆಯಲ್ಲಿ ಕಿರೀಟ ಹೋಗಿ ಅಶೋಕನ ಸಿಂಹಗಳು ಬಂದವು. ಗಂಡಭೇರುಂಡ ಕಂಡರಂತೂ ಮೈಸೂರು ಸಂಸ್ಥಾನದ ಸೇನೆ ಅಂತ ಎದೆ ಡವಡವ ಅನ್ನುತ್ತದೆ. 1918ರಲ್ಲಿ ಈಗಿನ ಇಸ್ರೇಲಿನ ಹೈಫಾದಲ್ಲಿ ಹೋರಾಡಿದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ನೆನಪಾಗದೇ ಇರುತ್ತಾರಾ?

ತೊಂದರೆ ಇರುವುದು ಇಲ್ಲೇ. ಖಾಕಿ ಡ್ರಿಲ್ (ದಪ್ಪ ಹತ್ತಿ ಬಟ್ಟೆ) ಕೋಟಿನ ಹಿತ್ತಾಳೆ ಗುಂಡಿಯನ್ನು ಸಾಮಾನ್ಯವಾಗಿ ದಾರದಿಂದ ಹೊಲಿದಿರುವುದಿಲ್ಲ. ತೂತಿನಲ್ಲಿ ತೂರಿಸಿ, ಹಿಂದೆ ಸಣ್ಣ ರಿಂಗ್ ಹಾಕಿರುತ್ತಾರೆ, ಒಗೆಯುವ ಮುನ್ನ ಬಿಚ್ಚಿಡಲಿ ಅಂತ. ಅಂದರೆ ಇಡೀ ಸೆಟ್ ಬದಲಾಯಿಸಲು ಒಂದು ಟೀ ಕುಡಿಯುವಷ್ಟು ಹೊತ್ತು ಸಾಕು. ಅದಕ್ಕೇ ನಾನು ಗುಂಡಿಯ ಮುಖಕ್ಕಿಂತ ಅದರ ಹಿಂದಿನ ಬಟ್ಟೆಯನ್ನು ಜಾಸ್ತಿ ನೋಡುತ್ತೇನೆ. ವರ್ಷಗಟ್ಟಲೆ ಅಲ್ಲೇ ಇದ್ದ ಹಿತ್ತಾಳೆ ತೂತಿನ ಸುತ್ತ ಹಸಿರು ಕಿಲುಬಿನ ಕಲೆ ಬಿಟ್ಟಿರುತ್ತದೆ. ಗುಂಡಿ ಹಳೇದು, ತೂತು ಮಾತ್ರ ಶುಭ್ರ ಅಂದರೆ ಯೋಚಿಸಬೇಕು. ಇನ್ನೊಂದು ಫಜೀತಿ: 2022ರಲ್ಲಿ ಚಾರ್ಲ್ಸ್ ರಾಜರು ಮತ್ತೆ ಆ ದುಂಡು ಕಮಾನಿನ ಕಿರೀಟವನ್ನೇ ಆರಿಸಿಕೊಂಡರು. ಹಾಗಾಗಿ ಬ್ರಿಟನ್ನಿನ ಹೊಚ್ಚ ಹೊಸ ಗುಂಡಿಯಲ್ಲೂ ಈಗ ಅಜ್ಜನ ಕಾಲದ ಆಕಾರವೇ.

ಒಳಗಿನ ಮುದ್ರೆ ನೋಡಲು ಚೆಂದ ಇಲ್ಲ. ಮಸುಕಾಗಿರುತ್ತದೆ, ಎಷ್ಟೋ ಸಲ ಒಗೆದು ಒಗೆದು ಹೋಗೇಬಿಟ್ಟಿರುತ್ತದೆ. ಆದರೆ ಉಳಿದಿದ್ದರೆ ಅದರಷ್ಟು ಮಾತಾಡುವುದು ಬೇರೆ ಇಲ್ಲ. ಕಾಲರ್ ಒಳಗೆ ಅಥವಾ ಜೇಬಿನೊಳಗೆ ಮೇಲ್ಮುಖದ ಬಾಣದ ಗುರುತು ಹುಡುಕಿ. ಅದು ಬ್ರಿಟಿಷ್ ಸರ್ಕಾರಿ ಸ್ವತ್ತಿನ ಗುರುತು. ಬಾಣದ ಜೊತೆ 'ಐ' ಅಕ್ಷರ ಇದ್ದರೆ ಭಾರತದ್ದು, 'ಸಿ' ಒಳಗೆ ಬಾಣ ಇದ್ದರೆ ಕೆನಡಾದ್ದು. ಎರಡನೇ ಮಹಾಯುದ್ಧದ ಬ್ಯಾಟಲ್‌ಡ್ರೆಸ್ (ಸೈನಿಕರ ಗಿಡ್ಡ ಉಣ್ಣೆ ಜಾಕೆಟ್ಟಿನ ಸಮವಸ್ತ್ರ) ಆದರೆ ಲೇಬಲ್‌ನಲ್ಲಿ ಅಳತೆ, ತಯಾರಕರ ಹೆಸರು, ವರ್ಷ ಎಲ್ಲ ಸಿಗುತ್ತದೆ. ನಕಲಿ ಲೇಬಲ್‌ಗಳೂ ಬರುತ್ತವೆ, ನಿಜ. ಅದನ್ನು ಹಿಡಿಯಲು ಲೇಬಲ್ ಹೇಳುವ ವರ್ಷಕ್ಕೆ ಹೊಲಿಗೆ ಹೊಂದುತ್ತಾ ನೋಡಿ. ಯುದ್ಧದ ನಡುವೆ ಬಟ್ಟೆ, ಕೂಲಿ ಉಳಿಸಲು ಜೇಬಿನ ನೆರಿಗೆ ತೆಗೆದರು, ಗುಂಡಿ ಮುಚ್ಚುವ ಪಟ್ಟಿಯನ್ನೂ ಕೈಬಿಟ್ಟರು. ನೆರಿಗೆ ಇಲ್ಲದ ಜಾಕೆಟ್‌ನಲ್ಲಿ 1939 ಅಂತ ಲೇಬಲ್ ಇದ್ದರೆ ಅದು ಬೇರೆ ಕಡೆಯಿಂದ ಬಂದು ಕೂತ ಲೇಬಲ್.

ಯುವಿ ಟಾರ್ಚ್‌ಗೆ ಇರುವ ಹೆಸರು ದೊಡ್ಡದು, ಮಾಡುವ ಕೆಲಸ ಚಿಕ್ಕದು. ಇತ್ತೀಚಿನ ದಾರ ನೀಲಿಯಾಗಿ ಹೊಳೆಯುತ್ತದೆ, ಹಳೇದು ಹೊಳೆಯುವುದಿಲ್ಲ ಅಂತ ಲೆಕ್ಕ. ಮನೆಯವರು ಒಂದು ಸಲ ಸೋಪಿನ ಪುಡಿ ಹಾಕಿ ಒಗೆದರೆ ಆ ಲೆಕ್ಕ ಮುಗಿಯಿತು, ಪುಡಿಯಲ್ಲಿರುವ ಬಿಳುಪಿನ ರಾಸಾಯನಿಕವೇ ಹೊಳೆಯುತ್ತದೆ. ಅದಕ್ಕಿಂತ ಬೆಂಕಿಕಡ್ಡಿ ವಾಸಿ. ಹೊಲಿಗೆಯಿಂದ ಒಂದೆಳೆ ದಾರ ಬಿಡಿಸಿ ಸುಟ್ಟರೆ ಹತ್ತಿ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಪಾಲಿಯೆಸ್ಟರ್ ದಾರದಲ್ಲಿ ಹೊಲಿದ ಕೋಟು ಮೊದಲ ಮಹಾಯುದ್ಧದ್ದಂತೂ ಅಲ್ಲ.

ಮುದ್ರೆಯೇ ಅಳಿಸಿಹೋದಾಗ ಕೈಹಿಡಿಯುವುದು ಫೋಟೋ. ಸಮಯ ತಿನ್ನುತ್ತದೆ, ಆದರೆ ಮಜಾ ಇರುವುದೂ ಇದರಲ್ಲೇ. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ತನ್ನ ಸಂಗ್ರಹದ ಭಾರತೀಯ ಸೈನಿಕರ ಸಾಕಷ್ಟು ಚಿತ್ರಗಳನ್ನು ವಿವರಣೆ ಸಮೇತ ಆನ್‌ಲೈನ್‌ನಲ್ಲಿ ಹಾಕಿದೆ. ಜೇಬಿನ ಮುಚ್ಚಳ ಚೂಪೋ ಚೌಕವೋ, ಭುಜಪಟ್ಟಿ ಎಷ್ಟು ಅಗಲ ಅಂತ ಹೋಲಿಸುತ್ತಾ ಕೂತರೆ ರಾತ್ರಿ ಕಳೆದದ್ದೇ ಗೊತ್ತಾಗುವುದಿಲ್ಲ. ಬಣ್ಣದ ವಿಷಯದಲ್ಲಿ ಮಾತ್ರ ಕಪ್ಪುಬಿಳುಪು ಫೋಟೋ ಮೋಸ ಮಾಡುತ್ತದೆ. ಬರ್ಮಾ ಕಾಡಿನ ಹಸಿರು ಅಂಗಿ, ಮರುಭೂಮಿಯ ಖಾಕಿ ಎರಡೂ ಒಂದೇ ಬೂದು. ಮೊದಲ ಮಹಾಯುದ್ಧದ ಕಾಲದಲ್ಲಿ ಜಾಸ್ತಿ ಬಳಸುತ್ತಿದ್ದ ಫಿಲ್ಮ್‌ನಲ್ಲಿ ಕೆಂಪು ಕೂಡ ಹೆಚ್ಚುಕಮ್ಮಿ ಕಪ್ಪಾಗಿ ಕಾಣುತ್ತದೆ. ಎದೆಯ ಮೇಲಿನ ಪದಕದ ರಿಬ್ಬನ್ನನ್ನು ಅದರಲ್ಲಿ ಗುರುತಿಸಲು ಹೋದರೆ ಕೆಟ್ಟಿರಿ.

1947ರ ನಂತರದ ಬಟ್ಟೆ ಆದರೆ ಲೆಕ್ಕ ಬೇರೆ. ಅಲ್ಲಿ ರಿಬ್ಬನ್ನೇ ಮುಂದು. 1965ರ ಯುದ್ಧಕ್ಕೆ ಸಮರ ಸೇವಾ ಸ್ಟಾರ್, 1971ರ ಯುದ್ಧಕ್ಕೆ ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್ ಪದಕಗಳು ಬಂದವು. ಸಾಲಿನಲ್ಲಿ ಎಲ್ಲಕ್ಕಿಂತ ಹೊಸ ರಿಬ್ಬನ್ ಯಾವುದೋ, ಆ ಪದಕ ಬಂದ ಮೇಲೂ ಕೋಟು ಬಳಕೆಯಲ್ಲಿತ್ತು ಅಂತ ಅರ್ಥ. ಯಾರೋ ರಿಬ್ಬನ್ ಕಿತ್ತು ಮಾರಿಕೊಂಡಿದ್ದರೂ ಎಡ ಜೇಬಿನ ಮೇಲೆ ಬಿಸಿಲು ಕಾಣದ ಪಟ್ಟಿ ಗಾಢವಾಗಿ ಉಳಿದಿರುತ್ತದೆ. ಅದರ ಅಗಲ ಅಳೆದರೆ ಎಷ್ಟು ಪದಕ ಇದ್ದವು ಅಂತ ಅಂದಾಜು ಸಿಗುತ್ತದೆ. ಕೋಟು ಹೊಲಿದ ವರ್ಷ ಬೇಕು ಅಂದರೆ ಮಾತ್ರ ಮತ್ತೆ ಕಾಲರ್ ಮಗುಚಿ ನೋಡಬೇಕು.